ಪೆಟ್ಟಿಗೆಯ ಒಳಬಟ್ಟೆ ಹೊಲಿದ ಯಂತ್ರ ನಾನು

ನಾನು ಒಂದು ಹೊಲಿಗೆ ಯಂತ್ರ. ಕಾಲಿನಿಂದ ತುಳಿಯುವ ಹಳೆಯ ಜಾತಿಯದು. ನನ್ನ ಮೈ ಎರಕದ ಕಬ್ಬಿಣ. ಹುಟ್ಟಿದ ಊರು ನೆನಪಿಲ್ಲ. ನೆನಪಿರುವುದು ಕಾರ್ಖಾನೆಯ ಬಿಸಿ, ಆಮೇಲೆ ಮೈಗೆ ಬಳಿದ ಕರಿ ಬಣ್ಣದ ವಾಸನೆ, ಆ ಕರಿಯ ಮೇಲೆ ಒಬ್ಬ ಮುದುಕ ಸಣ್ಣ ಕುಂಚದಿಂದ ಎಳೆದ ಹಳದಿ ಬಳ್ಳಿ. ಹುಲ್ಲು ತುಂಬಿದ ಪೆಟ್ಟಿಗೆಯಲ್ಲಿ ಮಲಗಿಸಿ ನನ್ನನ್ನು ರೈಲಿಗೆ ಹಾಕಿದರು. ಗದಗ ನಿಲ್ದಾಣದಲ್ಲಿ ಇಳಿಸಿ ಎತ್ತಿನ ಬಂಡಿಯಲ್ಲಿ ಬೆಟಗೇರಿಗೆ ತಂದರು.

ನನ್ನಂಥ ವಸ್ತುಗಳು ತಮ್ಮ ಕಥೆ ಹೇಳುವಾಗ ಒಡೆಯರನ್ನು ಹೊಗಳುವುದು ವಾಡಿಕೆ. ನನ್ನಿಂದ ಅದು ಆಗುವುದಿಲ್ಲ. ನಾನು ಬಹಳ ಕಾಲ ಇದ್ದ ಮನೆಯಲ್ಲಿ ಪ್ರೀತಿ ಇತ್ತು, ಆದರೆ ಅದಕ್ಕಿಂತ ಸಿಟ್ಟು ಹೆಚ್ಚು ಇತ್ತು. ನಾನೂ ಆ ಸಿಟ್ಟಿನಲ್ಲಿ ಪಾಲು ತೆಗೆದುಕೊಂಡೆ.

ಮೊದಲು ನನ್ನನ್ನು ಇಟ್ಟದ್ದು ಮಿಶನ್ನಿನ ಹೊಲಿಗೆ ಶಾಲೆಯಲ್ಲಿ. ಹನ್ನೊಂದು ವರ್ಷ ಅಲ್ಲಿ ಹುಡುಗಿಯರು ನನ್ನ ಮೇಲೆ ಕೈ ಕಲಿತರು. ಹೊಲಿಗೆ ಸೊಟ್ಟಗಾದರೆ ಟೀಚರು ಅವರ ಬೆರಳ ಗಂಟಿಗೆ ಕಟ್ಟಿಗೆಯ ಸ್ಕೇಲಿನಿಂದ ಹೊಡೆಯುತ್ತಿದ್ದರು. ಹುಡುಗಿಯರು ಆ ಸಿಟ್ಟನ್ನು ನನ್ನ ಪೆಡಲಿನ ಮೇಲೆ ತೀರಿಸಿಕೊಳ್ಳುತ್ತಿದ್ದರು. ಶಾಲೆ ಮುಚ್ಚಿದ ಮೇಲೆ ನನ್ನನ್ನು ಹಿಂದಿನ ಪಡಸಾಲೆಗೆ ದೂಡಿದರು. ಮಳೆ ಬಡಿದು ನನ್ನ ಮೇಲಿನ ಹಲಗೆ ಕೊಳೆಯಿತು. ಒಂದು ಕೋಳಿ ನನ್ನ ಪೆಡಲಿನ ಕೆಳಗೆ ಮೊಟ್ಟೆ ಇಡತೊಡಗಿತು.

ಅಲ್ಲಿಂದ ನನ್ನನ್ನು ಎತ್ತಿಕೊಂಡು ಬಂದವನು ಆಮೋಸಪ್ಪ. ಅವನು ಬಡಗಿ. ಬಾಗಿಲು, ಕಿಟಕಿ ಮಾಡುತ್ತಿದ್ದ. ಕ್ರೈಸ್ತರ ಓಣಿಯಲ್ಲಿ ಯಾರಾದರೂ ತೀರಿಕೊಂಡರೆ ಶವದ ಪೆಟ್ಟಿಗೆ ಮಾಡುವವನೂ ಅವನೇ. ಆಗ ಅವನಿಗೆ ಹೊಸದಾಗಿ ಮದುವೆಯಾಗಿತ್ತು. ಹೆಂಡತಿ ಕೃಪಾವತಿ ಅದೇ ಹೊಲಿಗೆ ಶಾಲೆಯಲ್ಲಿ ಕಲಿತವಳು. ನನ್ನನ್ನು ನೋಡಿದ ಕೂಡಲೇ ಅವಳು ತನ್ನ ಬೆರಳ ಗಂಟು ಸವರಿಕೊಂಡು ನಕ್ಕಳು.

ಆಮೋಸಪ್ಪ ನನಗೆ ಹೊಸ ಹಲಗೆ ಕೂಡಿಸಿದ. ಸಾಗವಾನಿಯ ಹಲಗೆ. ಯಾರೋ ಶ್ರೀಮಂತರ ಪೆಟ್ಟಿಗೆಗೆ ತಂದದ್ದರಲ್ಲಿ ಉಳಿದದ್ದು. ಹಾಗೆ ನಾನೂ ಆ ಕಸಬಿಗೆ ಸೇರಿದೆ. ಅವನು ಪೆಟ್ಟಿಗೆ ಮಾಡುತ್ತಿದ್ದ, ಅವಳು ಅದರ ಒಳಬಟ್ಟೆ ಹೊಲಿಯುತ್ತಿದ್ದಳು. ತಳಕ್ಕೆ ಬಿಳಿ ಹಾಸು, ಸುತ್ತ ನೆರಿಗೆ ಹಿಡಿದ ಪಟ್ಟಿ, ತಲೆಯ ಕೆಳಗೆ ಸಣ್ಣ ದಿಂಬು. ಹೊಲಿದ ಬಟ್ಟೆಯನ್ನು ಅವನು ಸಣ್ಣ ಹಿತ್ತಾಳೆ ಮೊಳೆಗಳಿಂದ ಒಳಗೆ ಬಡಿಯುತ್ತಿದ್ದ.

ಓಣಿಯವರು ನಮ್ಮನ್ನು ಇಷ್ಟಪಡುತ್ತಿರಲಿಲ್ಲ. ಹಾದು ಹೋಗುವಾಗ ಎದುರು ಬದಿಗೆ ಸರಿದು ಹೋಗುತ್ತಿದ್ದರು. ಕೃಪಾವತಿಯಷ್ಟು ಚೆನ್ನಾಗಿ ಪೋಲ್ಕಾ, ಅಂದರೆ ರವಿಕೆ, ಹೊಲಿಯುವವರು ಆ ಓಣಿಯಲ್ಲಿ ಇರಲಿಲ್ಲ. ಆದರೂ ಮದುವೆ ಹುಡುಗಿಯ ಪೋಲ್ಕಾ ಅವಳಿಗೆ ಯಾರೂ ಕೊಡಲಿಲ್ಲ. ಹೆಣದ ಬಟ್ಟೆ ಹೊಲಿದ ಸೂಜಿ ಅದು ಎನ್ನುತ್ತಿದ್ದರು. ಅದು ನನ್ನ ಸೂಜಿ. ನನಗೆ ಆಗಲೇ ಜನರ ಮೇಲೆ ಸಿಟ್ಟು ಹುಟ್ಟಿತು. ಪ್ರತಿ ಭಾನುವಾರ, ಸತ್ತವರು ಎದ್ದು ಬರುವ ಪುನರುತ್ಥಾನದ ಹಾಡು ಹೇಳಿ ಬಂದವರು ಒಂದು ಸೂಜಿಗೆ ಹೆದರುತ್ತಿದ್ದರು.

ಆ ಇಬ್ಬರಿಗೆ ಮಾತ್ರ ಹೆದರಿಕೆ ಇರಲಿಲ್ಲ. ಒಮ್ಮೆ ಹಸುಗೂಸಿನ ಪೆಟ್ಟಿಗೆಗೆ ಹೊಲಿಯುವಾಗ ಕೃಪಾವತಿಯ ಕಣ್ಣೀರು ಬಟ್ಟೆಯ ಮೇಲೆ ಬಿತ್ತು. ಅವಳು ಗಾಬರಿಯಾಗಿ ಒರೆಸಲು ಹೋದಳು.

"ಬಿಡು, ಒರಸಬ್ಯಾಡ," ಎಂದ ಆಮೋಸಪ್ಪ. "ಅದೂ ಕೂಸಿನ ಜೋಡಿ ಹೋಗ್ಲಿ."

ಅವರಿಗೆ ಮಕ್ಕಳಾಗಲಿಲ್ಲ.

ಅದೇ ಅಂಗಳದ ಆಚೆ ಬದಿಗೆ ಆಮೋಸಪ್ಪನ ಅಕ್ಕ ರೆಬೆಕ್ಕವ್ವ ಇದ್ದಳು. ತಾಯಿ ತೀರಿಕೊಂಡಾಗ ಆಮೋಸಪ್ಪನಿಗೆ ಐದು ವರ್ಷ. ಅವನನ್ನು ಎತ್ತಿ ಬೆಳೆಸಿದವಳು ಅವಳು. ಗಂಡ ಬೇಗ ತೀರಿಕೊಂಡಿದ್ದ. ಹನ್ನಾ ಎಂಬ ಒಬ್ಬಳೇ ಮಗಳು. ರೆಬೆಕ್ಕವ್ವ ಹೆಂಗಸರ ಪ್ರಾರ್ಥನಾ ಕೂಟದ ಮುಂದಾಳು. ಅವಳ ದನಿ ದೊಡ್ಡದು, ನಂಬಿಕೆಯೂ ದೊಡ್ಡದು. ಕೂಟ ನಡೆದಾಗ ನನ್ನ ಸದ್ದು ಕೇಳಿದರೆ ಅಂಗಳ ದಾಟಿ ಬಂದು, "ಅದನ್ನ ನಿಂದರಸು, ದೇವರ ಕೂಡ ಮಾತಾಡಾಕತ್ತೀವಿ," ಎನ್ನುತ್ತಿದ್ದಳು. ಕೃಪಾವತಿ ಕಾಲು ತೆಗೆಯುತ್ತಿದ್ದಳು. ನಾನು ಅರ್ಧ ಹೊಲಿಗೆಯಲ್ಲಿ ಸೂಜಿ ಚುಚ್ಚಿಕೊಂಡು ನಿಲ್ಲುತ್ತಿದ್ದೆ.

ಹದಿಮೂರು ವರ್ಷ ಹೀಗೆ ನಡೆಯಿತು. ಹದಿಮೂರನೆಯ ವರ್ಷ ಆಮೋಸಪ್ಪನಿಗೆ ಕಾಮಾಲೆ ಬಂತು. ದವಾಖಾನೆಯಲ್ಲಿ ಹನ್ನೆರಡು ದಿನ ಇಟ್ಟುಕೊಂಡು, ಯಕೃತ್ತು ಪೂರಾ ಕೆಟ್ಟಿದೆ, ಇನ್ನು ಮನೆಗೆ ಕರೆದೊಯ್ಯಿರಿ ಎಂದರು. ಅವನ ಮಂಚವನ್ನು ನನ್ನ ಪಕ್ಕದಲ್ಲೇ ಹಾಕಿದರು. ಅವನ ಕಣ್ಣು, ಉಗುರು ಎಲ್ಲ ಅರಿಸಿನದ ಬಣ್ಣವಾಗಿದ್ದವು.

ಅವನಿಗೆ ತಿಳಿದಿತ್ತು. ಅಷ್ಟು ಪೆಟ್ಟಿಗೆ ಮಾಡಿದವನಿಗೆ ತಿಳಿಯದೆ ಇರುತ್ತದೆಯೇ? ಹೆಂಡತಿಗೆ ಏನೋ ಹೇಳಬೇಕೆಂದು ಅವನು ಮೊದಲ ದಿನದಿಂದಲೇ ಹವಣಿಸುತ್ತಿದ್ದ. ಆದರೆ ರೆಬೆಕ್ಕವ್ವ ಕೂಟದ ಹೆಂಗಸರನ್ನು ಕರೆತಂದು ಮಂಚದ ಸುತ್ತ ಕೂಡಿಸಿದ್ದಳು. ಬೆಳಗಿನಿಂದ ಸಂಜೆಯವರೆಗೆ ಸರದಿಯ ಮೇಲೆ ಪ್ರಾರ್ಥನೆ, ಚಪ್ಪಾಳೆ, ಹಾಡು.

"ಕೃಪಾ, ಕುಂದ್ರು ಇಲ್ಲಿ," ಎಂದ ಅವನು ಎರಡನೆಯ ದಿನ. "ನಾ ಹೋದ ಮ್ಯಾಲೆ..."

"ಆ ಮಾತು ಬಾಯಾಗ ತರಬ್ಯಾಡ," ಎಂದಳು ರೆಬೆಕ್ಕವ್ವ. "ನೀ ಸಾಯೂದಿಲ್ಲ. ಪ್ರಭು ನನಗ ತಿಳಿಸ್ಯಾನ. ಅವಿಶ್ವಾಸದ ಮಾತು ಆಡಿ ಅವನ ಕೈ ಕಟ್ಟಬ್ಯಾಡ."

ಕೃಪಾವತಿ ಅಡುಗೆ ಮನೆಯ ಬಾಗಿಲಲ್ಲಿ ರೆಬೆಕ್ಕವ್ವನನ್ನು ತಡೆದು ಕೇಳಿದಳು. "ಅಕ್ಕಾರ, ಒಂದು ತಾಸು ನಮ್ಮಿಬ್ಬರನ್ನ ಬಿಡ್ರಿ. ಅವರು ಏನೋ ಹೇಳಬೇಕಂತಾರ."

"ನೀವಿಬ್ಬರೂ ಕುಂತು ಸಾವಿನ ಮಾತು ಆಡ್ತೀರಿ. ನಾ ಬಿಡೂದಿಲ್ಲ. ಅಂವ ಎದ್ದ ಮ್ಯಾಲೆ ಎಷ್ಟರ ಮಾತಾಡ್ರಿ."

ಕೃಪಾವತಿ ಬಾಗಿಲು ಬಿಟ್ಟು ಸರಿದಳು. ತಾನು ಆವತ್ತು ಆ ಹೆಂಗಸರನ್ನೆಲ್ಲ ಹೊರಗೆ ಹಾಕಿ ಬಾಗಿಲು ಮುಚ್ಚಬೇಕಿತ್ತು ಎಂದು ಅವಳು ಮುಂದೆ ಎಷ್ಟೋ ಸಲ ನನ್ನ ಹಲಗೆಗೆ ಹಣೆ ಹಚ್ಚಿ ಅಂದಳು. ಆದರೆ ಆವತ್ತು ಅವಳಿಗೂ ಆಸೆ ಇತ್ತು. ರೆಬೆಕ್ಕವ್ವನಿಗೆ ದೇವರು ನಿಜವಾಗಿ ಹೇಳಿದ್ದರೆ ಎಂಬ ಆಸೆ.

ನಾಲ್ಕನೆಯ ದಿನ ಅವನ ಮಾತು ನಿಂತಿತು. ಐದನೆಯ ದಿನ ಮಧ್ಯಾಹ್ನ, ಹೆಂಗಸರು ಕಣ್ಣು ಮುಚ್ಚಿ ಚಪ್ಪಾಳೆ ತಟ್ಟುತ್ತಿದ್ದಾಗ, ಅವನು ಹೆಂಡತಿಯ ಸೆರಗಿನ ತುದಿ ಹಿಡಿದು ಪ್ರಾಣ ಬಿಟ್ಟ. ಹಾಡು ಮುಗಿಯುವವರೆಗೆ ಅವರಿಗೆ ಗೊತ್ತಾಗಲಿಲ್ಲ. ಕೃಪಾವತಿಗೆ ಗೊತ್ತಾಗಿತ್ತು, ನನಗೂ ಗೊತ್ತಾಗಿತ್ತು.

ಮರುದಿನ ಬೆಳಿಗ್ಗೆ ಗದಗಿನಿಂದ ಬಂದ ಇನ್ನೊಬ್ಬ ಬಡಗಿ ಅಂಗಳದಲ್ಲಿ ಪೆಟ್ಟಿಗೆ ಬಡಿದ. ಒಳಬಟ್ಟೆ ಹೊಲಿಯುವವರು ಊರಲ್ಲಿ ಬೇರೆ ಯಾರೂ ಇರಲಿಲ್ಲ. ಬರಿಯ ಹಲಗೆಯ ಮೇಲೆ ಗಂಡನನ್ನು ಮಲಗಿಸಲು ಅವಳಿಗೆ ಮನಸ್ಸಾಗಲಿಲ್ಲ. ಹೆಣ ಮನೆಯೊಳಗೆ ಇದ್ದಂತೆಯೇ ಅವಳು ನನ್ನ ಮುಂದೆ ಕುಳಿತಳು. ಎರಡು ಸಲ ನನ್ನ ಸೂಜಿ ಮುರಿಯಿತು. ಎರಡು ಸಲವೂ ಅವಳು ಹೊಸದು ಹಾಕಿದಳು. ನೆರಿಗೆ ಹಿಡಿಯುವಾಗ ಅವಳ ಬಾಯಿಂದ ಒಂದು ದನಿ ಹೊರಟಿತು. ಅಳು ಎನ್ನಲಾಗದು, ನೋವಿಗೆ ದನ ಕೂಗುವಂತೆ ಇತ್ತು.

ರೆಬೆಕ್ಕವ್ವ ಬಂದು ಪಕ್ಕದಲ್ಲಿ ನಿಂತಳು. "ಅಳಬ್ಯಾಡ ಕೃಪಾ. ಅಂವ ಮಹಿಮಿಗೆ ಹೋಗ್ಯಾನ. ಹಿಂಗ ಅತ್ತರ ನಿರೀಕ್ಷೆ ಇಲ್ಲದ ಮಂದಿಯಂಗ ಕಾಣ್ತದ."

"ಅವರು ಸತ್ತಾರ್ರಿ," ಎಂದಳು ಕೃಪಾವತಿ. "ಮೊದಲ ಆ ಮಾತು ಅನ್ರಿ. ಐದು ದಿನದಿಂದ ಯಾರೂ ಅಂದಿಲ್ಲ."

ರೆಬೆಕ್ಕವ್ವನ ಮುಖ ಬಿಗಿಯಿತು. "ನೀ ಗಟ್ಟಿ ನಂಬಿದ್ದರ ಉಳೀತಿದ್ದ."

ಆ ಒಂದು ಮಾತು ಒಂಬತ್ತು ವರ್ಷ ಅಂಗಳದಲ್ಲಿ ಬಿದ್ದಿತ್ತು. ಇಬ್ಬರಲ್ಲಿ ಒಬ್ಬರೂ ಅದನ್ನು ದಾಟಲಿಲ್ಲ.

ಮಣ್ಣು ಮಾಡಿದ ಮೂರನೆಯ ದಿನ ಚರ್ಚಿನ ಹಳೆಯ ಸಭಾಪಾಲಕರು ಬಂದರು. ತುಂಬಾ ಮುದುಕರು, ಮುಂದಿನ ವರ್ಷ ಅವರೂ ಹೋದರು. ನನ್ನ ಪಕ್ಕದ ಸ್ಟೂಲಿನ ಮೇಲೆ ಕುಳಿತರು. ಕೃಪಾವತಿಯೇ ಮೊದಲು ಕೇಳಿದಳು.

"ಅಯ್ಯನವರ, ನಾ ಅಳೂದು ತಪ್ಪೇನ್ರಿ?"

"ಯೇಸುಸ್ವಾಮಿ ಸತ್ತ ಗೆಳೆಯ ಲಾಜರನ ಗೋರಿ ಮುಂದ ಅತ್ತ," ಎಂದರು ಅವರು. "ಇನ್ನೊಂದು ಗಳಿಗಿಗೆ ಅವನ್ನ ಎಬ್ಬಿಸಾಂವ ಇದ್ದ. ಗೊತ್ತಿದ್ದೂ ಅತ್ತ. ಎಬ್ಬಿಸೂ ಶಕ್ತಿ ಇದ್ದಾಂವಗೇ ಅಳು ಬಂತಂದ ಮ್ಯಾಲೆ ನಮಗ ಬರಬಾರದೇನವಾ?"

ಅವಳು ಆವತ್ತು ಸಂಜೆಯವರೆಗೆ ಅತ್ತಳು. ಅಳು ಮುಗಿದ ಮೇಲೆ ಉಳಿದದ್ದು ಸಿಟ್ಟು. ಅದಕ್ಕೆ ಅಯ್ಯನವರ ಬಳಿಯೂ ಔಷಧ ಇರಲಿಲ್ಲ.

ಮುಂದಿನ ಒಂಬತ್ತು ವರ್ಷ ಅವಳು ಒಳಬಟ್ಟೆ ಹೊಲಿದೇ ಬದುಕಿದಳು. ಅಂಗಳಕ್ಕೆ ಇದ್ದದ್ದು ಒಂದೇ ನಲ್ಲಿ. ರೆಬೆಕ್ಕವ್ವನ ಕೊಡ ನಲ್ಲಿಯ ಕೆಳಗಿದ್ದರೆ ಕೃಪಾವತಿ ನೀರಿಲ್ಲದೆ ಒಳಗೆ ಬರುತ್ತಿದ್ದಳು. ಇವಳು ಬಟ್ಟೆ ಒಣ ಹಾಕಿದ ದಿನ ಅವಳು ಅಂಗಳ ಗುಡಿಸಿ ಧೂಳೆಬ್ಬಿಸುತ್ತಿದ್ದಳು. ಈಸ್ಟರ್ ದಿನ ಇಬ್ಬರೂ ಆಮೋಸಪ್ಪನ ಗೋರಿಗೆ ಹೋಗುತ್ತಿದ್ದರು. ಕೃಪಾವತಿ ಹೊತ್ತು ಹುಟ್ಟುವಾಗ ಹೋಗಿ ಸೇವಂತಿಗೆ ಇಟ್ಟು ಬರುತ್ತಿದ್ದಳು. ಎಂಟು ಗಂಟೆಗೆ ರೆಬೆಕ್ಕವ್ವ ಹೋಗಿ ಅದನ್ನು ತೆಗೆದು ಬೇಲಿಯಾಚೆ ಎಸೆದು ತನ್ನ ಗುಲಾಬಿ ಇಡುತ್ತಿದ್ದಳು. ಸಂಜೆ ಕೃಪಾವತಿ ಮತ್ತೆ ಹೋಗುತ್ತಿದ್ದಳು. ಗುಲಾಬಿಯ ಗತಿ ಏನಾಗುತ್ತಿತ್ತೆಂದು ನಾನು ಹೇಳಬೇಕಿಲ್ಲ. ಕ್ರಿಸ್ತನು ಸಾವಿನಿಂದ ಎದ್ದ ದಿನ ಆ ಗೋರಿಯ ಮೇಲೆ ನಡೆಯುತ್ತಿದ್ದುದು ಇದು.

ರೆಬೆಕ್ಕವ್ವ ತಪ್ಪದೆ ಚರ್ಚಿನಲ್ಲಿ ರೊಟ್ಟಿ, ದ್ರಾಕ್ಷಾರಸ ಕೊಡುವ ಕರ್ತನ ಭೋಜನಕ್ಕೆ ಹೋಗುತ್ತಿದ್ದಳು. ಕೃಪಾವತಿ ಹೋಗಲಿಲ್ಲ. ಹೊಸ ಸಭಾಪಾಲಕರು ಕೇಳಿದಾಗ, "ನನ್ನೊಳಗ ಹಗಿ ಐತ್ರಿ. ಇಲ್ಲ ಅಂತ ಸುಳ್ಳ ಹೇಳಿ ಆ ರೊಟ್ಟಿ ಮುಟ್ಟೂದಿಲ್ಲ," ಎಂದಳು. ನನಗೆ ಆ ಮಾತು ಹಿಡಿಸಿತು. ನಾನು ಯಾವಾಗಲೂ ಅವಳ ಪಕ್ಷ. ಅಂಗಳದಲ್ಲಿ ರೆಬೆಕ್ಕವ್ವನ ದನಿ ಕೇಳಿದರೆ ನನ್ನ ದಾರ ತಾನಾಗಿ ಗಂಟಾಗಬೇಕೆಂದು ಬಯಸುತ್ತಿದ್ದೆ, ಆ ಗಂಟು ಅವಳ ಕೊರಳಿಗೆ ಬೀಳಲಿ ಎಂದೂ ಒಮ್ಮೊಮ್ಮೆ ಬಯಸಿದ್ದುಂಟು.

ಹತ್ತನೆಯ ವರ್ಷ, ಬೇಸಿಗೆಯಲ್ಲಿ, ಬೆಳಗಿನ ಹತ್ತು ಗಂಟೆಯ ಹೊತ್ತಿಗೆ ಬಾಗಿಲಲ್ಲಿ ನೆರಳು ಬಿತ್ತು. ರೆಬೆಕ್ಕವ್ವ. ನನಗೆ ಮೊದಲು ಗುರುತೇ ಸಿಗಲಿಲ್ಲ. ಆ ದೊಡ್ಡ ಮೈ ಕರಗಿ ಸೀರೆ ಬಡಿಗೆಗೆ ಸುತ್ತಿದಂತೆ ಕಾಣುತ್ತಿತ್ತು. ಕೈಯಲ್ಲಿ ಮಡಿಚಿದ ಬಿಳಿ ಬಟ್ಟೆ.

"ಅಳತಿ ತಗೋ," ಎಂದಳು.

ಕೃಪಾವತಿ ತಲೆ ಎತ್ತಲಿಲ್ಲ. "ಹಬ್ಬದ ಅರಿವಿ ನಾ ಹೊಲಿಯೂದಿಲ್ರಿ. ಗೊತ್ತೈತಲ್ಲ."

"ಹಬ್ಬಕ್ಕಲ್ಲ. ಪೆಟ್ಟಿಗಿಗೆ."

ನನ್ನ ಗಾಲಿ ನಿಂತಿತು. ಕೃಪಾವತಿ ಈಗ ನೋಡಿದಳು. ರೆಬೆಕ್ಕವ್ವ ಕೇಳದೆಯೇ ಸ್ಟೂಲಿನ ಮೇಲೆ ಕುಳಿತಳು, ನಿಲ್ಲುವ ಶಕ್ತಿ ಇರಲಿಲ್ಲ.

"ಹೊಟ್ಟ್ಯಾಗ ಗಡ್ಡಿ ಐತಿ. ಹುಬ್ಬಳ್ಳಿ ಡಾಕ್ಟರು ಹನ್ನಾಗ ಹೇಳೂದು ಕೇಳಿಸಿಕೊಂಡೆ. ಮಳಿಗಾಲ ದಾಟೂದಿಲ್ಲ. ನನ್ನ ಪೋಲ್ಕಾ ಎಲ್ಲಾ ಸಡ್ಲ ಆಗ್ಯಾವು. ಸಡ್ಲ ಪೋಲ್ಕಾದಾಗ ಮಂದಿ ಮುಂದ ಮಲಗಾಕ ನನಗ ಮನಸಿಲ್ಲ. ಉದ್ದನ ತೋಳಿಂದು ಹೊಲಿ."

"ಕೂಟದವರು ಏನಂತಾರ?"

"ಸಾಯೂದಿಲ್ಲ ಅಂತಾರ. ಪ್ರಭು ತಿಳಿಸ್ಯಾನಂತ." ರೆಬೆಕ್ಕವ್ವ ತನ್ನ ಕೈ ನೋಡಿಕೊಂಡಳು. "ಮುಂಜಾನಿಂದ ಸಂಜಿತನಾ ಬರ್ತಾರ. ನಾ ಬಾಯಿ ತೆಗದರ ಸಾಕು, ಅವಿಶ್ವಾಸ ಅಂತಾರ. ಹನ್ನಾನೂ ಹಂಗ ಅಂತಾಳ. ಮನಿ ತುಂಬ ಮಂದಿ ಅದಾರ, ನಾ ಒಬ್ಬಾಕಿನೇ ಸಾಯಾಕತ್ತೀನಿ."

"ನನ್ನ ಕಡೆ ಯಾಕ ಬಂದ್ರಿ?"

"ನೀ ನನಗ ಸಮಾಧಾನ ಹೇಳೂದಿಲ್ಲ ಅಂತ ಗೊತ್ತಿತ್ತು."

ಕೃಪಾವತಿ ಎದ್ದು ಟೇಪು ತೆಗೆದುಕೊಂಡಳು. ಒಂಬತ್ತು ವರ್ಷದಲ್ಲಿ ಮೊದಲ ಸಲ ಅವಳ ಕೈ ರೆಬೆಕ್ಕವ್ವನ ಮೈ ಮುಟ್ಟಿತು. ಎದೆ, ಭುಜ, ತೋಳು, ಕೊರಳು. ಅವಳು ಅಳತೆಯನ್ನು ಗಟ್ಟಿಯಾಗಿ ಹೇಳಿಕೊಂಡು ಸೀಮೆಸುಣ್ಣದಿಂದ ನನ್ನ ಹಲಗೆಯ ಮೇಲೆ ಬರೆದಳು. ಅವಳ ಮುಖ ಕಲ್ಲಿನಂತೆ ಇತ್ತು.

"ಇನ್ನೂ ಎರಡು ಇಂಚು ಕಡಿಮಿ ಹಿಡಿ," ಎಂದಳು ರೆಬೆಕ್ಕವ್ವ. "ಅಷ್ಟರಾಗ ಮತ್ತ ಇಳೀತೀನಿ."

"ಒಂದೂವರೆ ಸಾಕು," ಎಂದಳು ಕೃಪಾವತಿ. "ಕಡೀಕ ಮೈ ಬಾತುಕೋತದ."

ಇಂಥ ಮಾತು ಆ ಕಾಯಿಲೆಯವಳಿಗೆ ಎರಡು ತಿಂಗಳಿಂದ ಯಾರೂ ಆಡಿರಲಿಲ್ಲ. ರೆಬೆಕ್ಕವ್ವ ಉಸಿರು ಬಿಟ್ಟಳು. ಹೊತ್ತ ಕೊಡ ಇಳಿಸಿದವರು ಹಾಗೆ ಉಸಿರು ಬಿಡುತ್ತಾರೆ.

ವಾರದ ಮೇಲೆ ಅವಳು ಅಳತೆ ಸರಿಯಿದೆಯೇ ನೋಡಲು ಬಂದಳು. ಒಂದು ತೋಳು ಕೂಡಿಸಿತ್ತು, ಇನ್ನೊಂದು ಬಾಕಿ. ಅದನ್ನು ತೊಟ್ಟುಕೊಂಡು ನಿಂತಾಗ ರೆಬೆಕ್ಕವ್ವ ಒಮ್ಮೆಲೇ ಮಾತು ತೆಗೆದಳು.

"ಒಂದು ಹೇಳೂದೈತಿ. ಹೇಳದ ಸತ್ತರ ಅವನ ಮುಂದ ಹೆಂಗ ನಿಲ್ಲಲಿ? ದವಾಖಾನಿಯೊಳಗ ಇದ್ದಾಗ ಆಮೋಸ ನನಗ ಒಂದು ಮಾತು ಹೇಳಿದ್ದ. 'ಅಕ್ಕಾ, ನನ್ನ ಪೆಟ್ಟಿಗಿ ಅರಿವಿ ಕೃಪಾನ ಕಡಿಂದ ಹೊಲಸಬ್ಯಾಡ್ರಿ. ಅಕಿ ಕೈಲೆ ಆ ಕೆಲಸ ಬ್ಯಾಡ. ಬರೇ ಹಲಗಿ ಮ್ಯಾಲೆ ಮಲಗಿದರೂ ನಡೀತದ, ಅಕಿಗೆ ಹಂಗ ಹೇಳು' ಅಂದ. ನಾ ಅವನ ಬಾಯಿ ಮುಚ್ಚಿಸಿದೆ. ಆಮ್ಯಾಲೆ ನೀ ಹೊಲಿಯಾಕ ಕುಂತಿ. ನಾ ಬಾಜೂಕ ನಿಂತಿದ್ದೆ. ಹೇಳಿದ್ದರ, ಅಂವಗ ಸಾವು ಗೊತ್ತಿತ್ತು ಅಂತ ಒಪ್ಪಬೇಕಾಗ್ತಿತ್ತು. ನಾ ಹೇಳಲಿಲ್ಲ."

ಟೇಪು ನನ್ನ ಹಲಗೆಯ ಮೇಲೆ ಬಂದು ಬಿತ್ತು. ಆಮೇಲೆ ಕೃಪಾವತಿಯ ದನಿ ಬಂತು. ಇಪ್ಪತ್ತೆರಡು ವರ್ಷ ರೆಬೆಕ್ಕವ್ವನಿಗೆ ಬಹುವಚನ ತಪ್ಪಿಸದವಳು ಅವಳು.

"ತಗಿ ಅದನ್ನ," ಎಂದಳು. "ನನ್ನ ಅರಿವಿ ತಗಿ. ನನ್ನ ಮನಿ ಬಿಟ್ಟು ಹೋಗು ನೀನು."

ಪೋಲ್ಕಾ ಬಿಚ್ಚಲು ರೆಬೆಕ್ಕವ್ವನ ಕೈ ಏಳಲಿಲ್ಲ. ಕೃಪಾವತಿಯೇ ಎಳೆದು ಬಿಚ್ಚಿದಳು. ಗುಂಡುಪಿನ್ನು ತಾಗಿ ರೆಬೆಕ್ಕವ್ವನ ತೋಳಿನಲ್ಲಿ ರಕ್ತ ಬಂತು. ನನಗೆ ಸಂತೋಷವಾಯಿತು, ಅದನ್ನು ಮುಚ್ಚಿಡುವುದಿಲ್ಲ. ರೆಬೆಕ್ಕವ್ವ ಗೋಡೆ ಹಿಡಿದುಕೊಂಡು ಅಂಗಳ ದಾಟಿದಳು.

ಆರು ದಿನ ಆ ಪೋಲ್ಕಾ ಒಂದೇ ತೋಳಿನಿಂದ ನನ್ನ ಮೇಲೆ ಬಿದ್ದಿತ್ತು. ಕೃಪಾವತಿ ನನ್ನನ್ನು ಮುಟ್ಟಲಿಲ್ಲ. ಆದರೆ ಪ್ರತಿ ದಿನ ಬಂದು ಎದುರು ಕೂರುತ್ತಿದ್ದಳು. ಅಂಗಳದಾಚೆಯಿಂದ ಚಪ್ಪಾಳೆಯ ಸದ್ದು ಬರುತ್ತಿತ್ತು. ನಡುನಡುವೆ ಒಂದು ಸಣ್ಣ ದನಿ ಏನೋ ಹೇಳಲು ಏಳುತ್ತಿತ್ತು, ಹಾಡು ಜೋರಾಗುತ್ತಿತ್ತು, ಆ ದನಿ ಮುಳುಗುತ್ತಿತ್ತು. ಕೃಪಾವತಿ ಅದನ್ನು ಕೇಳುತ್ತಿದ್ದಳು. ಅದೇ ಸದ್ದು ಅವಳು ಹಿಂದೆ ಒಮ್ಮೆ ಐದು ದಿನ ಕೇಳಿದ್ದಳು.

ಒಂದು ದಿನ ಅವಳು ಗೋಡೆಯ ಮೇಲಿನ ಶಿಲುಬೆಯ ಕಡೆ ನೋಡಿ ಜಗಳದ ದನಿಯಲ್ಲೇ ಪ್ರಾರ್ಥನೆ ಮಾಡಿದಳು. "ಅಕಿನ್ನ ಕ್ಷಮಿಸು ಅಂತಿ. ನನ್ನ ಕೈಲೆ ಆಗೂದಿಲ್ಲ. ಆಗೂದಿಲ್ಲಂತ ನಿನಗೂ ಗೊತ್ತೈತಿ. ಮತ್ಯಾಕ ಆ ಚಪ್ಪಾಳಿ ನನ್ನ ಕಿವ್ಯಾಗ ಹಾಕ್ತಿ?"

ಏಳನೆಯ ದಿನ ಅವಳು ಎದ್ದು ಅಂಗಳ ದಾಟಿ ಹೋದಳು. ಬಾಗಿಲು ತೆರೆದೇ ಇತ್ತು, ಮಾತು ನನಗೆ ಚೆನ್ನಾಗಿ ಕೇಳಿತು.

"ಹನ್ನಾ, ನಿಮ್ಮವ್ವನ ಹಾಸಿಗಿ ಆ ಕಡೆ ಹಿಡಿ. ಅಕಿ ನನ್ನ ಮನ್ಯಾಗ ಮಲಗಲಿ."

"ಅತ್ತಿ, ಪ್ರಾರ್ಥನಿ ನಡದೈತಿ," ಎಂದಳು ಹನ್ನಾ. ಅವಳು ಆಗ ಬೆಳಗಾವಿಯಲ್ಲಿ ನರ್ಸಾಗಿದ್ದಳು, ರಜೆ ಹಾಕಿ ಬಂದಿದ್ದಳು.

"ಅವರು ಸಾಯೂದಿಲ್ರಿ," ಎಂದಳು ಕೂಟದ ಒಬ್ಬ ಹೆಂಗಸು. "ಅವಿಶ್ವಾಸದ ಮನಿಗೆ ಒಯ್ಯಬ್ಯಾಡ್ರಿ."

ಆಗ ಕೃಪಾವತಿಯ ದನಿ ಓಣಿಗೆಲ್ಲ ಕೇಳುವಂತೆ ಏರಿತು. "ಯೇಸುಸ್ವಾಮಿ ತನ್ನ ಸಾವಿನ ಮಾತು ತಾನ ಶಿಷ್ಯರ ಮುಂದ ತೆಗದಾಗ, ನಿನಗ ಹಂಗ ಆಗೂದಿಲ್ಲ ಅಂತ ಪೇತ್ರ ಬಾಯಿ ಮುಚ್ಚಸಾಕ ಹೋದ. ಅವಗ ಸ್ವಾಮಿ ಏನಂತ ಬೈದ? ನಿಮಗೆಲ್ಲಾರಿಗೂ ಬಾಯಿಪಾಠ ಐತಿ. ಹೇಳ್ರಿ, ಏನಂತ ಬೈದ?"

ಉತ್ತರ ನನಗೂ ಗೊತ್ತಿತ್ತು. ಸೈತಾನ ಎಂದು ಬೈದಿದ್ದ.

"ಹಾಡ್ರಿ, ಪ್ರಾರ್ಥನಿ ಮಾಡ್ರಿ, ನನ್ನ ಮನಿಗೂ ಬರ್ರಿ. ಆದರ ಸಾಯೂದಿಲ್ಲ ಅನ್ನಾವರು ನನ್ನ ಹೊಸ್ತಿಲಾ ದಾಟಬ್ಯಾಡ್ರಿ."

ಹಾಗೆ ರೆಬೆಕ್ಕವ್ವ ನನ್ನ ಪಕ್ಕಕ್ಕೆ ಬಂದಳು. ತಮ್ಮ ಮಲಗಿದ್ದ ಜಾಗದಲ್ಲೇ ಮಂಚ ಹಾಕಿದರು. ಹದಿನೇಳು ದಿನ ಇದ್ದಳು. ಇಬ್ಬರ ನಡುವೆ ಮೃದು ಮಾತು ಬೆಳೆಯಿತೆಂದು ಹೇಳಿದರೆ ಸುಳ್ಳಾಗುತ್ತದೆ. ಗಂಜಿ ಬಿಸಿಯೆಂದು ಅವಳು ಬೈಯುತ್ತಿದ್ದಳು, ಆರಿದ ಮೇಲೆ ಕುಡಿಯಲು ಬಾಯಿಲ್ಲವೇ ಎಂದು ಇವಳು ಬೈಯುತ್ತಿದ್ದಳು. ಮೈ ಒರೆಸುವಾಗ ಕೃಪಾವತಿಯ ಕೈ ಬಿರುಸಾಗಿರುತ್ತಿತ್ತು. ಆದರೆ ದಿನಕ್ಕೆ ಎರಡು ಸಲ ಒರೆಸಿದಳು, ಒಂದು ದಿನವೂ ತಪ್ಪಿಸಲಿಲ್ಲ. ಪೋಲ್ಕಾದ ಎರಡನೆಯ ತೋಳನ್ನು ಅವಳ ಕಣ್ಣೆದುರೇ ಕೂಡಿಸಿದಳು.

ರೆಬೆಕ್ಕವ್ವ ಮಾತಾಡಿದಳು. ಎಲ್ಲ ಮಾತೂ ಆಡಿದಳು. ಐದು ವರ್ಷದ ತಮ್ಮನನ್ನು ಸೊಂಟಕ್ಕೆ ಏರಿಸಿಕೊಂಡು ಬಾವಿಗೆ ಹೋದದ್ದು. ಹನ್ನಾಳಿಗೆ ಯಾವ ಪಾತ್ರೆ, ಯಾವ ಸೀರೆ ಎಂಬುದು. ಮಗಳು ಮೊದಲೆರಡು ದಿನ, "ಅವ್ವಾ, ಹಂಗ ಅನ್ನಬ್ಯಾಡ," ಎಂದಳು. ಮೂರನೆಯ ದಿನ ಸುಮ್ಮನೆ ಕೈ ಹಿಡಿದು ಕೇಳಿದಳು, ಕೇಳುತ್ತ ಅತ್ತಳು.

ಒಂದು ಮಧ್ಯಾಹ್ನ ಹನ್ನಾ ಹೊರಗೆ ಹೋಗಿದ್ದಾಗ ರೆಬೆಕ್ಕವ್ವ ಅಂದಳು. "ಕೃಪಾ, ನನಗ 'ಅಂಜಿಕಿ ಬರ್ತದ' ಅನ್ನಾಕ ನಾಚಿಕಿ. ಇಷ್ಟು ವರ್ಷ ಮಂದಿಗೆ ಧೈರ್ಯ ಹೇಳಿದಾಕಿ ನಾ."

"ಶಿಲುಬಿಗೆ ಏರೂ ಹಿಂದಿನ ರಾತ್ರಿ ತೋಟದಾಗ ಸ್ವಾಮಿಗೂ ಅಂಜಿಕಿ ಬಂದಿತ್ತು. ಬೆವರು ರಕ್ತದಂಗ ಬಿತ್ತಂತ. ಈ ಸಂಕಟದ ಪಾತ್ರೆ ನನಗ ಬ್ಯಾಡ ಅಂದ. ನೀವೇನು ಅವಂಗಿಂತ ದೊಡ್ಡವರೇನ್ರಿ?"

ರೆಬೆಕ್ಕವ್ವ ನಕ್ಕಳು. ನಗುವಾಗ ಹೊಟ್ಟೆ ನೊಂದು ಮುಖ ಕಿವುಚಿದಳು. ಸ್ವಲ್ಪ ಹೊತ್ತಿನ ಮೇಲೆ ಕೇಳಿದಳು. "ನನ್ನ ಕ್ಷಮಿಸಿದಿ?"

ಕೃಪಾವತಿ ಗುಂಡಿ ಹಚ್ಚುತ್ತಿದ್ದಳು. ಕೈ ನಿಲ್ಲಿಸಲಿಲ್ಲ. "ದಿನಾ ಪ್ರಾರ್ಥನಿಯೊಳಗ ಕ್ಷಮಿಸೀನಿ ಅಂತೀನ್ರಿ. ಬಾಯಿತನಾ ಬರ್ತದ. ಎದಿಗೆ ಇಳಿಯವಲ್ದು."

"ಎದಿಗೆ ಇಳಿಯೂತನಾ ನಾ ಇರೂದಿಲ್ಲ."

"ಅದಕ್ಕೇನು. ಅಲ್ಲಿ ಭೆಟ್ಟಿ ಆಗ್ತೀವಲ್ಲ. ಉಳಿದ ಜಗಳ ಅಲ್ಲಿ ಮುಗಸೂಣು. ಅವರೂ ಇರ್ತಾರ. ಅವರ ಮುಂದ ನಾ ಎಲ್ಲಾ ಹೇಳಾಕಿ."

"ಹೇಳು," ಎಂದಳು ರೆಬೆಕ್ಕವ್ವ. "ನಾನೂ ಹೇಳಾಕಿ. ನನ್ನ ಗುಲಾಬಿ ಒಗದಿದ್ದು ಹೇಳಾಕಿ."

ನಾನು ಅಲ್ಲಿಯವರೆಗೆ ಸ್ವರ್ಗದ ಬಗ್ಗೆ ಎಷ್ಟೋ ಹಾಡು ಕೇಳಿದ್ದೆ. ಒಂದನ್ನೂ ನಂಬಿರಲಿಲ್ಲ. ಆವತ್ತು ಆ ಇಬ್ಬರು ಹೆಂಗಸರು ನಾಳೆಯ ಸಂತೆಯ ವಿಷಯ ಮಾತಾಡಿದಂತೆ ಅದರ ಮಾತಾಡಿದರು. ಅವರ ಜಗಳ ಗಟ್ಟಿಯಾದದ್ದು, ಕಣ್ಣಾರೆ ಕಂಡದ್ದು. ಆ ಜಗಳ ಮುಂದುವರಿಯುವ ಜಾಗವೂ ಅಷ್ಟೇ ಗಟ್ಟಿಯಾಗಿರಬೇಕು ಎಂದು ನನಗೆ ಮೊದಲ ಸಲ ಅನ್ನಿಸಿತು.

ಅದಾದ ನಾಲ್ಕನೆಯ ದಿನ ಬೆಳಿಗ್ಗೆ ರೆಬೆಕ್ಕವ್ವ ತೀರಿಕೊಂಡಳು. ಕೊನೆಯ ಗಳಿಗೆಯಲ್ಲಿ ಕೃಪಾವತಿ ಅವಳ ಕಿವಿಯಲ್ಲಿ, "ಅಕ್ಕಾರ, ನೀವು ಹೊಂಟೀರಿ. ಸ್ವಾಮಿ ಬಾಗಲದಾಗ ನಿಂತಾನ. ಹೋಗಿ ಬರ್ರಿ," ಎಂದಳು. ಮರಳಿ ಬಂದ ಬಹುವಚನ ಕೊನೆಯವರೆಗೂ ಉಳಿಯಿತು. ಪೋಲ್ಕಾ ಸರಿಯಾಗಿ ಕೂತಿತು. ಒಂದೂವರೆ ಇಂಚು ಹಿಡಿದದ್ದು ಒಳ್ಳೆಯದೇ ಆಯಿತು.

ಮಧ್ಯಾಹ್ನ ಕೃಪಾವತಿ ಒಳಬಟ್ಟೆ ಹೊಲಿಯಲು ನನ್ನ ಮುಂದೆ ಕುಳಿತಳು. ಹನ್ನಾ ಬೇಡವೆಂದಳು. "ಸುಮ್ನಿರು, ಸಿಟ್ಟು ಇನ್ನೂ ಐತಿ, ಕೆಲಸ ಮಾಡಿದರ ಇಳೀತದ," ಎಂದಳು ಕೃಪಾವತಿ. ನೆರಿಗೆ ಹಿಡಿಯುವಾಗ ಅತ್ತಳು. ಗಂಡನಿಗೆ ಅತ್ತಳೋ, ರೆಬೆಕ್ಕವ್ವನಿಗೆ ಅತ್ತಳೋ, ನಾನು ಅಷ್ಟು ಹತ್ತಿರ ಇದ್ದೂ ಹೇಳಲಾರೆ. ನನ್ನ ದಾರ ಆವತ್ತು ಒಂದು ಸಲವೂ ತುಂಡಾಗಲಿಲ್ಲ.

ಮುಂದಿನ ತಿಂಗಳು ಅವಳು ಕರ್ತನ ಭೋಜನಕ್ಕೆ ಹೋದಳು. ಕ್ಷಮೆ ಎದೆಗೆ ಇಳಿಯಿತೇ ಎಂದು ಸಭಾಪಾಲಕರು ಕೇಳಿದರಂತೆ. ಅರ್ಧ ಇಳಿದಿದೆ, ಉಳಿದದ್ದಕ್ಕೆ ಈ ರೊಟ್ಟಿ ಬೇಕು ಎಂದಳಂತೆ.

ಆಮೇಲೆ ಅವಳು ಹತ್ತೊಂಬತ್ತು ವರ್ಷ ಬದುಕಿದಳು. ಮೊಣಕಾಲು ಸೋತ ಮೇಲೆ ಹನ್ನಾ ಅವಳನ್ನೂ ನನ್ನನ್ನೂ ಬೆಳಗಾವಿಗೆ ಕರೆದೊಯ್ದಳು. ಅಲ್ಲಿಯೇ ಕೃಪಾವತಿ ತೀರಿಕೊಂಡಳು, ಹೇಳಬೇಕಾದದ್ದನ್ನೆಲ್ಲ ಹೇಳಿ, ಕೆಲವನ್ನು ಎರಡೆರಡು ಸಲ ಹೇಳಿ. ಅಲ್ಲಿ ಪೆಟ್ಟಿಗೆಗಳು ಅಂಗಡಿಯಲ್ಲಿ ಸಿದ್ಧವಾಗಿ ಸಿಗುತ್ತವೆ. ಒಳಬಟ್ಟೆ ಮಿರಮಿರ ಮಿಂಚುವ ಸ್ಯಾಟಿನ್ನು, ಅಂಟಿನಿಂದ ಅಂಟಿಸಿದ್ದು. ಅವಳನ್ನು ಅದರಲ್ಲೇ ಮಲಗಿಸಿದರು. ನನಗೆ ಆ ಸ್ಯಾಟಿನ್ನಿನ ಮೇಲೆ ಇನ್ನೂ ಸಿಟ್ಟಿದೆ.

ಈಗ ನಾನು ಹನ್ನಾಳ ಮನೆಯ ಮೆಟ್ಟಿಲ ಕೆಳಗೆ ಇದ್ದೇನೆ. ನನ್ನ ಬೆಲ್ಟು ಹರಿದಿದೆ, ಗಾಲಿ ತುಕ್ಕು ಹಿಡಿದಿದೆ. ಕಳೆದ ವಾರ ಗುಜರಿಯವನು ಬಂದು ಕಾಲಿನಿಂದ ನನ್ನನ್ನು ತಟ್ಟಿ ನೋಡಿ ಹೋದ. ಹನ್ನಾ ಇನ್ನೂ ಮನಸ್ಸು ಮಾಡಿಲ್ಲ. ಮಾಡಿದರೆ ನನ್ನನ್ನು ಒಡೆದು ಮತ್ತೆ ಬೆಂಕಿಗೆ ಹಾಕುತ್ತಾರೆ. ಕಬ್ಬಿಣಕ್ಕೆ ಯಾವ ವಾಗ್ದಾನವೂ ಇಲ್ಲ. ಸತ್ತು ಎದ್ದು ಬರುವುದೇನಿದ್ದರೂ ಮನುಷ್ಯರಿಗೆ. ಅದರ ಬಗ್ಗೆ ನನಗೆ ಹೊಟ್ಟೆಕಿಚ್ಚಿಲ್ಲ, ಒಂದು ಕುತೂಹಲವಷ್ಟೇ. ಆ ಇಬ್ಬರು ಹೆಂಗಸರೂ ಅಲ್ಲಿ ಈಗಾಗಲೇ ಭೇಟಿಯಾಗಿರಬೇಕು. ಮೊದಲ ಮಾತು ಯಾರು ತೆಗೆದರೋ, ಎಷ್ಟು ಹೊತ್ತು ಜಗಳವಾಡಿದರೋ, ಆಮೋಸಪ್ಪ ಯಾರ ಪಕ್ಷ ಹಿಡಿದನೋ, ನನಗೆ ಬಂದು ಹೇಳುವವರು ಯಾರೂ ಇಲ್ಲ.